ಪೆಟ್ಟಿಗೆಯ ಮೇಲಿನ ‘525 ಪಟ್ಟು’ ನಂಬಬಹುದೇ?

ಪ್ರಶ್ನೆ: ಮಗಳಿಗೆ ದೂರದರ್ಶಕ ಕೊಡಿಸಬೇಕೆಂದಿದ್ದೇನೆ. ಪೆಟ್ಟಿಗೆಯ ಮೇಲೆ ‘70 ಮಿ.ಮೀ., 700 ಮಿ.ಮೀ., 525 ಪಟ್ಟು’ ಎಂದಿದೆ. ಯಾವ ಅಂಕಿ ನೋಡಿ ಕೊಳ್ಳಬೇಕು?

ಉತ್ತರ: ಮೊದಲನೆಯದನ್ನು. 70 ಮಿ.ಮೀ. ಎಂಬುದು ಮುಂದಿನ ಮಸೂರದ ವ್ಯಾಸ, ಅಂದರೆ ಅಪರ್ಚರ್. ಮಳೆಗೆ ಒಡ್ಡಿದ ಪಾತ್ರೆಯ ಬಾಯಿ ಅಗಲವಾದಷ್ಟೂ ನೀರು ಹೆಚ್ಚು. ಬೆಳಕಿನ ಲೆಕ್ಕವೂ ಹಾಗೆಯೇ. ವ್ಯಾಸ ಇಮ್ಮಡಿಯಾದರೆ ಬೆಳಕು ನಾಲ್ಮಡಿ. ತಮಿಳುನಾಡಿನ ಕಾವಲೂರಿನಲ್ಲಿರುವ ವೈನು ಬಪ್ಪು ದೂರದರ್ಶಕವನ್ನು ಗುರುತಿಸುವುದೂ ಅದರ ಕನ್ನಡಿಯ 2.34 ಮೀಟರ್ ವ್ಯಾಸದಿಂದಲೇ.

700 ಮಿ.ಮೀ. ಎಂಬುದು ಸಂಗಮದೂರ. ಅದನ್ನು ಐಪೀಸಿನ, ಅಂದರೆ ನಾವು ಕಣ್ಣಿಟ್ಟು ನೋಡುವ ಮಸೂರದ, ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ: 25 ಮಿ.ಮೀ. ಐಪೀಸಿಗೆ 28 ಪಟ್ಟು, 10 ಮಿ.ಮೀ.ಗೆ 70 ಪಟ್ಟು.

ಇದಕ್ಕೊಂದು ಮಿತಿಯಿದೆ. ಅಪರ್ಚರಿನ ಪ್ರತಿ ಮಿಲಿಮೀಟರಿಗೆ ಸುಮಾರು ಎರಡು ಪಟ್ಟು, ನಿಮ್ಮದಕ್ಕೆ 140. ಅದರಾಚೆ ಚಿತ್ರ ದೊಡ್ಡದಾಗುತ್ತದೆ, ಜೊತೆಗೆ ಮಸುಕೂ ಆಗುತ್ತದೆ. ಶನಿಯ ಬಳೆ ನೋಡಲು 50 ಪಟ್ಟು ಸಾಕು.

ಹಾಗಾಗಿ 525ನ್ನು ಮರೆತುಬಿಡಿ. ಮುಕ್ಕಾಲಿ ಅಲುಗಾಡದೆ ನಿಲ್ಲುತ್ತದೆಯೇ ನೋಡಿ. ಕೊಂಡ ಮೇಲೆ ಸೂರ್ಯನತ್ತ ಮಾತ್ರ ತಿರುಗಿಸಬೇಡಿ. ಕ್ಷಣದಲ್ಲಿ ಕಣ್ಣು ಹೋದೀತು.