ಗೆಳೆಯನಿಗೊಂದು ಕತ್ತಿ

ಸ್ನೇಹಿತರಿಗೆ ನಾವು ಸಲ್ಲಿಸುವ ಉಡುಗೊರೆಗಳಲ್ಲಿ ಪುಸ್ತಕವುಂಟು, ವಸ್ತ್ರವುಂಟು, ಬೆಳ್ಳಿಯ ಬಟ್ಟಲುಂಟು; ಕತ್ತಿ ಮಾತ್ರ ಆ ಸಾಲಿಗೆ ಬರುವುದು ವಿರಳ. ಅಲಗುಳ್ಳ ವಸ್ತು ಅಮಂಗಳವೆಂಬ ಶಂಕೆಯೂ, ಅದನ್ನು ಆಯುವ ಬಗೆ ನಮಗೆ ತಿಳಿಯದೆಂಬ ಸಂಕೋಚವೂ ಕೂಡಿ ನಮ್ಮ ಕೈಯನ್ನು ಹಿಂದೆಗೆಯಿಸುತ್ತವೆ. ಆದರೆ ಕೊಡಗು ಜಿಲ್ಲೆಯ ಉತ್ತರದ ಅಂಚಿನಲ್ಲಿ, ಒಂದು ಕಡೆ ಶನಿವಾರಸಂತೆಗೂ ಇನ್ನೊಂದು ಕಡೆ ಹಾಸನದ ಸಕಲೇಶಪುರ ಸೀಮೆಗೂ ದಾರಿ ತೋರುತ್ತ ನಿಂತಿರುವ ಕೊಡ್ಲಿಪೇಟೆಯ ಸುತ್ತಮುತ್ತ, ಗದ್ದೆಯೂ ಕಾಫಿಯೂ ಮೆಣಸೂ ಒಂದಕ್ಕೊಂದು ತಾಗಿಕೊಂಡು ಬೆಳೆಯುವ ಆ ನೆಲದಲ್ಲಿ, ಬಾಗಿಲ ಹಿಂದೆ ಕತ್ತಿಯಿಲ್ಲದ ತೋಟದ ಮನೆಯನ್ನು ಕಾಣುವುದು ದುರ್ಲಭ. ಅಂತಹ ನಾಡಿನಲ್ಲಿ ಒಳ್ಳೆಯ ಕತ್ತಿಯೊಂದನ್ನು ಆರಿಸಿ ಮಿತ್ರನಿಗೆ ಕೊಡುವುದು ಅವನ ದುಡಿಮೆಯನ್ನು ಗೌರವಿಸುವ ಒಂದು ಸತ್ಕಾರ. ಆ ಆಯ್ಕೆಯನ್ನು ಹೇಗೆ ಮಾಡತಕ್ಕದ್ದೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕೊಡಗಿನ ಕತ್ತಿಯೆಂದೊಡನೆ ಮೊದಲು ಕಣ್ಮುಂದೆ ಬರುವುದು ಕೊಡವರ ಪೀಚೆಕತ್ತಿ ಮತ್ತು ಒಡಿಕತ್ತಿ. ಕುಪ್ಯವೆಂಬ ಕಪ್ಪು ನಿಲುವಂಗಿಯ ಮೇಲೆ ಸುತ್ತಿದ ಚೇಲೆಯೆಂಬ ಕೆಂಪು ರೇಷ್ಮೆಯ ನಡುಪಟ್ಟಿಯಲ್ಲಿ ಮುಂಭಾಗಕ್ಕೆ ಸಿಕ್ಕಿಸಿಕೊಳ್ಳುವ, ಬೆಳ್ಳಿಯ ಕುಸುರಿಗೆಲಸದ ಒರೆಯುಳ್ಳ ಕಿರುಗತ್ತಿ ಪೀಚೆಕತ್ತಿ. ಬೆನ್ನಹಿಂದೆ ಸೊಂಟದಲ್ಲಿ ತೊಡಂಗ್ ಎಂಬ ಲೋಹದ ಕೊಂಡಿಗೆ ಒರೆಯಿಲ್ಲದೆಯೇ ತೂಗುವ, ಅಗಲವಾದ ಬಾಗಿದ ಅಲಗಿನದು ಒಡಿಕತ್ತಿ. ಮದುವೆಯ ದಿನ ಸಿಂಗರಿಸಿ ನೆಟ್ಟ ಬಾಳೆಯ ದಿಂಡುಗಳನ್ನು ಒಂದೊಂದೇ ಏಟಿಗೆ ತುಂಡರಿಸುವ ವೀರೋಚಿತ ಸಂಪ್ರದಾಯಕ್ಕೆ ಒಡಿಕತ್ತಿಯೇ ಸಾಧನ. ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ತಿಂಗಳಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಕತ್ತಿಗಳನ್ನು ಶುಚಿಗೊಳಿಸಿ, ತೋಕ್ ಪೂ ಎಂದು ಅಲ್ಲಿ ಕರೆಯುವ ಅಗ್ನಿಶಿಖೆಯ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. 1870ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ರಿಕ್ಟರ್ ಪಾದ್ರಿಯವರ ಕೊಡಗಿನ ಗೆಜೆಟಿಯರಿನಲ್ಲಿಯೂ, 1880ರಲ್ಲಿ ಎಗರ್ಟನ್ ಪ್ರಕಟಿಸಿದ ಭಾರತೀಯ ಶಸ್ತ್ರಾಸ್ತ್ರಗಳ ಕೈಪಿಡಿಯಲ್ಲಿಯೂ ಈ ಆಯುಧಗಳಿಗೆ ಸ್ಥಾನ ದೊರೆತಿದೆ.

ಕೊಡವ ಮಿತ್ರನ ಮದುವೆಗೆ ಪೀಚೆಕತ್ತಿಯಂತಹ ಉಡುಗೊರೆ ಯುಕ್ತವೇ ಸರಿ. ಅದಕ್ಕೂ ಮೊದಲು ಅವನ ಮನೆತನದ ಕತ್ತಿ ಅವನಿಗೆ ಬರಲಿದೆಯೇ ಎಂದು ಹಿರಿಯರಲ್ಲಿ ವಿಚಾರಿಸುವುದು ವಿವೇಕ. ಹಳೆಯ ಪೀಚೆಕತ್ತಿಗಳ ಹಿಡಿಗೆ ದಂತವನ್ನು ಬಳಸಿರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ಅನಂತರದ ತಿದ್ದುಪಡಿಗಳು ದಂತದ ವ್ಯಾಪಾರವನ್ನು ನಿಷೇಧಿಸಿರುವುದರಿಂದ, ಎಷ್ಟೇ ಮನೋಹರವಾಗಿರಲಿ, ದಂತದ ಹಿಡಿಯದನ್ನು ಕೊಳ್ಳಲೇಕೂಡದು. ಆದರೆ ಕೊಡ್ಲಿಪೇಟೆಯ ಕಡೆಯ ಗೆಳೆಯ ಬಹುಮಟ್ಟಿಗೆ ಕನ್ನಡವಾಡುವ ಬೇಸಾಯಗಾರ. ಹಿಂದೆ ಏಳುಸಾವಿರ ಸೀಮೆಯೆನಿಸಿಕೊಂಡ ಈ ಭಾಗದಲ್ಲಿ ಕತ್ತಿಯ ಘನತೆಯು ಉತ್ಸವಕ್ಕಿಂತ ಮಿಗಿಲಾಗಿ ನಿತ್ಯದ ಕೆಲಸದಲ್ಲಿ ನೆಲೆಸಿದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಅರಿಯತಕ್ಕದ್ದು ಒಂದೇ: ಈ ಕತ್ತಿ ಯಾವ ಕೈಗೆ, ಯಾವ ಕೆಲಸಕ್ಕೆ?

ಕಾಫಿಯ ಕೊಯ್ಲು ಮುಗಿದೊಡನೆ ಗಿಡಗಳ ರೆಂಬೆ ಕತ್ತರಿಸುವ ಕಪಾತು ಮೊದಲಾಗುತ್ತದೆ. ಮುಂಗಾರು ಹಿಡಿಯುವುದರೊಳಗೆ ನೆರಳು ಮರಗಳ ಕೊಂಬೆ ಸವರುವ ಮರಗಸಿ ನಡೆಯಬೇಕು. ಮಳೆಗಾಲದಲ್ಲಿ ಕಾಡು ಕಡಿಯಬೇಕು, ಬೇಲಿ ಸವರಬೇಕು. ಎತ್ತರದ ಮರವೇರಿ ಒಂದು ಕೈಯಲ್ಲಿ ರೆಂಬೆ ಹಿಡಿದು ಇನ್ನೊಂದರಿಂದ ಕಡಿಯುವವನಿಗೆ ತುದಿಯ ಕಡೆ ಭಾರವುಳ್ಳ, ಮುಂದೆ ಕೊಕ್ಕಿನಂತೆ ಬಾಗಿದ ಕತ್ತಿ ಅನುಕೂಲ. ಏಟಿನ ಬಲವನ್ನು ಆ ಭಾರವೇ ಪೂರೈಸುತ್ತದೆ. ಮೆಣಸಿನ ಬಳ್ಳಿ ಬಿಡಿಸುವವನಿಗೂ, ಹಗ್ಗ ಚೀಲಗಳನ್ನು ಕೊಯ್ಯುವವನಿಗೂ, ಅಡುಗೆಯಲ್ಲಿ ಆಸಕ್ತಿಯುಳ್ಳವನಿಗೂ ಒಂದು ಗೇಣಿಗಿಂತ ಕಿರಿದಾದ, ತೆಳುವಾದ ಅಲಗಿನ ಚೂರಿಯೇ ಸಾಕು. ಮಡಚುವ ಚಾಕು ಜೇಬಿಗೆ ಹಗುರವೇನೋ ಹೌದು; ಆದರೆ ಅದರ ಕೀಲಿನಲ್ಲಿ ಮಣ್ಣೂ ಕಾಫಿಯ ಅಂಟೂ ಸೇರಿ ಸಡಿಲಗೊಳ್ಳುತ್ತದೆ, ಒತ್ತಡದ ಕೆಲಸದಲ್ಲಿ ಬೆರಳ ಮೇಲೆ ಮುಚ್ಚಿಕೊಳ್ಳುವ ಭಯವೂ ಉಂಟು. ಅಲಗೂ ಹಿಡಿಯೂ ಒಂದಾಗಿ ಬೆಸೆದು ನಿಂತ ಕತ್ತಿಗೆ ಈ ದೋಷಗಳಿಲ್ಲ.

ಸಂತೆಯೂರಿನ ಕುಲುಮೆಯಲ್ಲಿ ಕಮ್ಮಾರನು ಸಾಮಾನ್ಯವಾಗಿ ಉಪಯೋಗಿಸುವ ಉಕ್ಕು ಹಳೆಯ ಲಾರಿಯ ಕಮಾನು ಪಟ್ಟಿಯದು. ಸಾಮಾನ್ಯ ಮೆದುಕಬ್ಬಿಣದಲ್ಲಿ ಇಂಗಾಲದ ಅಂಶ ಶೇಕಡ 0.25ಕ್ಕೂ ಕಡಿಮೆಯಿರುವುದರಿಂದ ಅದಕ್ಕೆ ಹದ ಹಿಡಿಯದು. ಕಮಾನು ಪಟ್ಟಿಯಲ್ಲಿ ಅದು ಸುಮಾರು ಶೇಕಡ 0.5ರಿಂದ 0.6ರಷ್ಟಿದ್ದು, ಏಟನ್ನು ತಾಳುವ ಬಳುಕನ್ನೂ ಮೊನೆಯನ್ನು ಉಳಿಸಿಕೊಳ್ಳುವ ಗಡಸನ್ನೂ ಒಟ್ಟಿಗೆ ಕೊಡುತ್ತದೆ. ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲೆ ಬಡಿದು ರೂಪ ತಂದ ಬಳಿಕ ಬರುವುದೇ ಹದ ಹಾಕುವ ಸೂಕ್ಷ್ಮ ಘಟ್ಟ. ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಹೆಚ್ಚು ಕಾಯಿಸಿ ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿದರೆ ಅಲಗು ಗಾಜಿನಂತೆ ಗಡುಸಾಗಿ, ಅಷ್ಟೇ ಭಿದುರವೂ ಆಗುತ್ತದೆ. ಆ ಭಿದುರತೆಯನ್ನು ಕಳೆಯಲು ಮತ್ತೆ ಮೆಲ್ಲನೆ ಕಾಯಿಸುವಾಗ ಉಜ್ಜಿ ಹೊಳಪೇರಿಸಿದ ಮೈಯ ಮೇಲೆ ಬಣ್ಣಗಳು ಹರಿಯತೊಡಗುತ್ತವೆ: 220 ಡಿಗ್ರಿಯ ಸುಮಾರಿಗೆ ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಕೊಯ್ಯುವ ಚೂರಿಗೆ ಹಳದಿಯಲ್ಲಿ ನಿಲ್ಲಿಸುವುದೂ, ಕಡಿಯುವ ಕತ್ತಿಗೆ ನೇರಳೆ ನೀಲಿಗಳವರೆಗೆ ಬಿಡುವುದೂ ಉಚಿತವೆಂಬ ಈ ಶಾಸ್ತ್ರವನ್ನು ನಮ್ಮ ಕಮ್ಮಾರರು ಉಷ್ಣಮಾಪಕದ ನೆರವಿಲ್ಲದೆ ಕಣ್ಣಿನಿಂದಲೇ ಅಭ್ಯಸಿಸಿಕೊಂಡು ಬಂದಿದ್ದಾರೆ.

ಈ ವಿದ್ಯೆಯ ಕೀರ್ತಿ ಹಿಂದೆ ಸಮುದ್ರವನ್ನೂ ದಾಟಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ತಯಾರಿಕೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದ ಮೂಸೆಯುಕ್ಕಿನ ರಹಸ್ಯವನ್ನು ಅರಿಯಲು 1819ರ ಸುಮಾರಿಗೆ ಲಂಡನ್ನಿನಲ್ಲಿ ಪ್ರಯೋಗಕ್ಕೆ ತೊಡಗಿದವನು ಕಮ್ಮಾರನ ಮಗನೇ ಆದ ಮೈಕೇಲ್ ಫ್ಯಾರಡೆ. ಅವನಿಗೆ ಸಹಕರಿಸಿದವನು ಜೇಮ್ಸ್ ಸ್ಟೋಡಾರ್ಟ್ ಎಂಬ ಚೂರಿಗಾರ. ಆ ಪ್ರಯೋಗಗಳಿಂದ ಹುಟ್ಟಿದ ಮಿಶ್ರ ಉಕ್ಕಿನಿಂದ ಕ್ಷೌರದ ಕತ್ತಿಗಳನ್ನು ಮಾಡಿಸಿ ಫ್ಯಾರಡೆ ತನ್ನ ಸ್ನೇಹಿತರಿಗೆ ಉಡುಗೊರೆಯಾಗಿ ಕೊಡುತ್ತಿದ್ದನೆಂದು ಅವನ ಸಹೋದ್ಯೋಗಿ ಜಾನ್ ಟಿಂಡಲ್ ದಾಖಲಿಸಿದ್ದಾನೆ. ಅಷ್ಟು ದೊಡ್ಡ ವಿಜ್ಞಾನಿಗೆ ತನ್ನ ಶ್ರಮದ ಫಲವನ್ನು ಮಿತ್ರರ ಕೈಗೊಪ್ಪಿಸಲು ಅಲಗೇ ತಕ್ಕ ರೂಪವಾಗಿ ತೋರಿತೆಂಬುದು ನಮ್ಮ ಸಂಕೋಚವನ್ನು ಕಳೆಯತಕ್ಕ ನಿದರ್ಶನ.

ಇನ್ನು ಪರೀಕ್ಷೆಯ ಕ್ರಮ. ಕತ್ತಿಯ ಬೆನ್ನನ್ನು ಕಣ್ಣಿಗೆ ನೇರವಾಗಿ ಹಿಡಿದು ಉದ್ದಕ್ಕೂ ನೋಡಿದರೆ ಓರೆಯಿದ್ದಲ್ಲಿ ಕೂಡಲೇ ತಿಳಿಯುತ್ತದೆ. ಬಾಯಿಯನ್ನು ಬೆಳಕಿಗೆ ಒಡ್ಡಿದಾಗ ಅಲ್ಲಲ್ಲಿ ಮಿನುಗಿದರೆ ಅಲ್ಲಿ ಮೊಂಡಾಗಿದೆಯೆಂದು ಅರ್ಥ. ಕೂದಲೆಳೆಯಂತಹ ಬಿರುಕು ಕಂಡರೆ ಆ ಕತ್ತಿಯನ್ನು ಬಿಟ್ಟುಬಿಡುವುದೇ ಲೇಸು. ಅಲಗಿನಿಂದ ಮುಂದುವರಿದು ಹಿಡಿಯೊಳಗೆ ಹೋಗುವ ಬಾಲ ಎಷ್ಟು ಉದ್ದವೆಂದು ಕೇಳಬೇಕು: ಅದು ಹಿಡಿಯ ಕೊನೆಯವರೆಗೂ ಸಾಗಿ, ಎರಡು ಮರದ ಹೋಳುಗಳ ನಡುವೆ ಮೊಳೆಗಳಿಂದ ಬಿಗಿಯಲ್ಪಟ್ಟಿದ್ದರೆ ಉತ್ತಮ, ಕಿರಿದಾದ ಬಾಲವನ್ನು ಅರಗಿನಿಂದ ಕೂರಿಸಿದ್ದರೆ ಹಿಡಿಯ ಬಾಯಿಗೆ ಲೋಹದ ಬಳೆಯಾದರೂ ಇರಬೇಕು. ಹಿಡಿಯ ಮರ ಬೀಟೆಯದೋ ತೇಗದದೋ ಆಗಿದ್ದು, ಚೆನ್ನಾಗಿ ಒಣಗಿ, ಅಂಗೈಗೆ ಚುಚ್ಚುವ ಮೂಲೆಗಳಿಲ್ಲದೆ ಇರಬೇಕು. ಅತಿಯಾದ ನುಣುಪು ಮಳೆಯಲ್ಲಿ ಜಾರುತ್ತದೆ. ಹಿಡಿಯ ಗಾತ್ರ ಕೊಡುವವನ ಅಂಗೈಗಲ್ಲ, ಪಡೆಯುವವನ ಅಂಗೈಗೆ ಒಪ್ಪತಕ್ಕದ್ದು. ಸಾಧ್ಯವಾದರೆ ಗೆಳೆಯ ಈಗ ಬಳಸುತ್ತಿರುವ ಕತ್ತಿಯ ಅಳತೆಯನ್ನು ಅವನ ಮನೆಯವರಿಂದ ಗುಟ್ಟಾಗಿ ತರಿಸಿಕೊಂಡು ಕಮ್ಮಾರನ ಮುಂದಿಡುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಕಾನೂನಿನ ವಿಚಾರವೂ ಒಂದಿಷ್ಟುಂಟು. 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಹರಿತವಾದ ಆಯುಧಗಳನ್ನು 2016ರ ಶಸ್ತ್ರ ನಿಯಮಗಳು ಪ್ರತ್ಯೇಕ ವರ್ಗಕ್ಕೆ ಸೇರಿಸಿ, ಮನೆವಾರ್ತೆ ಮತ್ತು ಬೇಸಾಯದ ಉಪಕರಣಗಳನ್ನು ಅದರಿಂದ ಹೊರಗಿಟ್ಟಿವೆ. ಆದ್ದರಿಂದ ತೋಟದ ಕತ್ತಿಯನ್ನು ತೋಟದ ಕತ್ತಿಯ ರೂಪದಲ್ಲಿಯೇ ಮಾಡಿಸುವುದು ಕ್ಷೇಮ. ವಿಮಾನದಲ್ಲಿ ಒಯ್ಯುವವರು ಅದನ್ನು ಕೈಚೀಲದಲ್ಲಿಡದೆ, ಒಪ್ಪಿಸಿ ಕಳುಹಿಸುವ ಪೆಟ್ಟಿಗೆಯಲ್ಲಿಯೇ ಇಡಬೇಕು.

ಕೊಡುವ ವಿಧಾನಕ್ಕೂ ಒಂದು ಶಿಷ್ಟಾಚಾರವಿದೆ. ಉಪ್ಪನ್ನೂ ಕತ್ತಿಯನ್ನೂ ಕೈಯಿಂದ ಕೈಗೆ ಕೊಡಬಾರದೆಂಬ ನಂಬಿಕೆ ನಮ್ಮ ಮನೆಗಳಲ್ಲಿದೆ. ಕತ್ತಿ ಸ್ನೇಹವನ್ನು ಕಡಿಯದಿರಲೆಂದು ಪಡೆದವನು ಒಂದು ನಾಣ್ಯವನ್ನು ಹಿಂದಿರುಗಿಸುವ ಪದ್ಧತಿ ಇಂಗ್ಲೆಂಡಿನಲ್ಲಿದೆ. ಫಿನ್ಲೆಂಡಿನ ಜನರಾದರೋ ಪೂಕೊ ಎಂಬ ತಮ್ಮ ಕಿರುಗತ್ತಿಯ ಕೊಡುಗೆಯನ್ನು ವಿಶ್ವಾಸದ ಗುರುತಾಗಿ ಭಾವಿಸುತ್ತಾರೆ. ಹಿರಿಯರ ಮನಸ್ಸಿಗೆ ನೋವಾಗದಂತೆ ತಟ್ಟೆಯಲ್ಲಿ ವೀಳ್ಯದೊಡನೆ ಇರಿಸಿ, ಹಿಡಿಯನ್ನು ಗೆಳೆಯನ ಕಡೆಗೂ ಅಲಗನ್ನು ನಮ್ಮ ಕಡೆಗೂ ತಿರುಗಿಸಿ ಕೊಟ್ಟರೆ ನಂಬಿಕೆಯೂ ಉಳಿಯಿತು, ಜಾಗರೂಕತೆಯೂ ಸಂದಿತು.

ಕೊಟ್ಟ ಮೇಲೆ ಆರೈಕೆಯ ಮಾತುಗಳನ್ನೂ ಹೇಳಬೇಕು. ಕೆಲಸ ಮುಗಿದೊಡನೆ ಒರೆಸಿ ಒಣಗಿಸಿ ತೆಂಗಿನೆಣ್ಣೆ ಸವರುವುದು. ಮಸೆಗಲ್ಲಿನ ಮೇಲೆ ಒಂದೇ ಓರೆಯಲ್ಲಿ ಎರಡು ಮಗ್ಗುಲುಗಳನ್ನೂ ಸಮನಾಗಿ ಉಜ್ಜುವುದು. ಚರ್ಮದ ಒರೆ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಮಳೆಗಾಲದಲ್ಲಿ ಅಲಗನ್ನು ಅದರೊಳಗೆ ತಿಂಗಳುಗಟ್ಟಲೆ ಇಡದಿರುವುದು. ಯಂತ್ರದ ಸಾಣೆಗೆ ಕೊಟ್ಟು ಅತಿಯಾಗಿ ಕಾಯಿಸಿದರೆ ಕಮ್ಮಾರ ಹಾಕಿದ ಹದವೇ ಇಳಿದುಹೋಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಕತ್ತಿ ಯಾರ ಕುಲುಮೆಯದೆಂಬುದನ್ನು ಗೆಳೆಯನಿಗೆ ತಿಳಿಸತಕ್ಕದ್ದು. ಕಾರ್ಖಾನೆಯ ಅಗ್ಗದ ಸರಕಿನ ಮುಂದೆ ಊರಿನ ಕಮ್ಮಾರ ಬಾಳುವುದು ಹೊಸ ಕತ್ತಿಯ ಮಾರಾಟದಿಂದ ಮಾತ್ರವಲ್ಲ, ಸವೆದ ಬಾಯಿಯನ್ನು ಹಣಿಸಿಕೊಳ್ಳಲು ವರ್ಷ ವರ್ಷವೂ ಮರಳಿ ಬರುವ ಗಿರಾಕಿಗಳಿಂದ. ಅಂತಹ ಒಬ್ಬ ಗಿರಾಕಿಯನ್ನು ಕುಲುಮೆಗೂ, ಅಂತಹ ಒಬ್ಬ ಕುಶಲಿಯನ್ನು ಗೆಳೆಯನಿಗೂ ಪರಿಚಯಿಸಿಕೊಟ್ಟಾಗಲೇ ಈ ಉಡುಗೊರೆ ಪೂರ್ಣವಾಗುತ್ತದೆ.