ಕಂಠವೆಂಬ ವಾದ್ಯ

ತೊಟ್ಟಿಲಲ್ಲಿ ಮಲಗಿ ತನ್ನಷ್ಟಕ್ಕೆ ತಾನೇ ದನಿ ಮಾಡುತ್ತಿರುವ ಕೂಸನ್ನು ಕಿವಿಗೊಟ್ಟು ಕೇಳಿದವರಿಗೆ ಒಂದು ವಿಸ್ಮಯ ಕಾದಿರುತ್ತದೆ. ಕೇಕೆ, ಗುಟುರು, ಸಿಳ್ಳಿನಂತಹ ಎಳೆದನಿ, ಗಂಟಲಾಳದ ಗುನುಗು—ನುರಿತ ಗಾಯಕನಿಗೂ ದಕ್ಕದಷ್ಟು ನಾದವೈವಿಧ್ಯ ಅದರ ಪುಟ್ಟ ಗಂಟಲಿನಲ್ಲಿ ಅಡಗಿದೆ. ಕೆಲಕಾಲ ಕಳೆದು ಮಾತು ಬರುತ್ತದೆ, ಮನೆಮಂದಿ ಹಿಗ್ಗುತ್ತಾರೆ. ಆದರೆ ಮಾತು ಬಲಿತಂತೆಲ್ಲ ಆ ನಾದಭಂಡಾರ ಬರಿದಾಗುತ್ತ ಹೋಗುವುದನ್ನು ಲಕ್ಷಿಸುವವರು ವಿರಳ. ಇಟಲಿಯ ಮಿಲಾನ್ ನಗರದ ಗಾಯಕನೊಬ್ಬನು ತನ್ನ ಪುಟ್ಟ ಮಗಳಲ್ಲಿ ಇದನ್ನು ಕಂಡನು. ಮನುಷ್ಯನು ಮಾತಿಗಾಗಿ ತೆತ್ತುದನ್ನು ಹಾಡಿನಲ್ಲಿ ಮರಳಿ ಪಡೆಯಬಹುದೇ ಎಂಬ ಪ್ರಶ್ನೆ ಆತನನ್ನು ಕೊನೆಯವರೆಗೂ ಬಿಡಲಿಲ್ಲ. ಆತನೇ ದೆಮೆತ್ರಿಯೊ ಸ್ತ್ರಾತೋಸ್.

1945ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ಗ್ರೀಕ್ ತಂದೆತಾಯಿಗಳ ಮಗನಾಗಿ ಆತನು ಹುಟ್ಟಿದನು. ಗ್ರೀಕ್ ಇಗರ್ಜಿಯ ಪ್ರಾರ್ಥನಾಗೀತ ಒಂದು ಕಿವಿಗೆ, ಅರಬ್ಬೀ ಹಾಡು ಇನ್ನೊಂದು ಕಿವಿಗೆ ಬಿದ್ದು ಆತನ ಬಾಲ್ಯ ಕಳೆಯಿತು. ಸೈಪ್ರಸ್ ದ್ವೀಪದಲ್ಲಿ ಕೆಲವು ವರ್ಷವಿದ್ದು, 1962ರಲ್ಲಿ ಮಿಲಾನಿಗೆ ಬಂದನು. ಅಲ್ಲಿ ವಾಸ್ತುಶಿಲ್ಪದ ವ್ಯಾಸಂಗ ಹಿಂದೆ ಬಿದ್ದು ಸಂಗೀತ ಮುಂದಾಯಿತು. 1967ರಲ್ಲಿ ಹಾಡಿದ ಒಂದು ಪ್ರೇಮಗೀತೆ ಇಟಲಿಯಲ್ಲೆಲ್ಲ ಮನೆಮಾತಾಯಿತು. ಅಂತಹ ಗೀತೆಗಳನ್ನೇ ಹಾಡುತ್ತ ಸುಖವಾಗಿರಬಹುದಾಗಿತ್ತು. ಆತನು ಹಾಗಿರಲಿಲ್ಲ.

1972ರಲ್ಲಿ ಜೂಲಿಯೊ ಕಪಿಯೊಟ್ಸೊ ಎಂಬ ತಾಳವಾದ್ಯಗಾರನೊಡನೆ ಸೇರಿ ‘ಆರೆಯಾ’ ಎಂಬ ವಾದ್ಯಮೇಳದಲ್ಲಿ ನಿಂತನು. ಮರುವರ್ಷವೇ ಮೇಳದ ಮೊದಲ ಲಾಂಗ್ ಪ್ಲೇ ತಟ್ಟೆ ಹೊರಬಂದಿತು. ಜಾನ್ನಿ ಸಾಸ್ಸಿ ಎಂಬಾತನ ‘ಕ್ರಾಂಪ್ಸ್’ ಎಂಬ ಸಣ್ಣ ಸಂಸ್ಥೆ ಅದರ ಪ್ರಕಾಶಕ. ‘ಫ್ರಾಂಕೆನ್‌ಸ್ಟೈನ್’ ಎಂಬ ಗುಪ್ತನಾಮದಿಂದ ಗೀತೆಗಳನ್ನು ಬರೆದವನೂ ಸಾಸ್ಸಿಯೇ. ತಟ್ಟೆಯ ಹೆಸರು ‘ಆರ್ಬೈಟ್ ಮಾಖ್ಟ್ ಫ್ರೈ’. ‘ದುಡಿಮೆ ಬಿಡುಗಡೆ ನೀಡುತ್ತದೆ’ ಎಂದು ಅರ್ಥ. ನಾಜಿಗಳು ಔಷ್ವಿಟ್ಸ್ ಯಾತನಾಶಿಬಿರದ ಹೆಬ್ಬಾಗಿಲ ಮೇಲೆ ಕಬ್ಬಿಣದ ಅಕ್ಷರಗಳಲ್ಲಿ ನಿಲ್ಲಿಸಿದ್ದ ಘೋರ ಸುಳ್ಳು ಅದು. ಔಷ್ವಿಟ್ಸಿಗೆ ಒಯ್ದ ಲಕ್ಷಾಂತರ ಜನ ಮತ್ತೆ ಹೊರಬರಲಿಲ್ಲ. ಸಂಜೆಯ ವಿನೋದಕ್ಕೆಂದು ಕೊಂಡು ತರುವ ತಟ್ಟೆಯ ಮೇಲೆ ಇಂತಹ ಹೆಸರೇ? ಹಾಡನ್ನು ಕೇಳಿ ಹಾಯಾಗಿ ಮರೆತುಬಿಡಲು ಯಾರಿಗೂ ಎಡೆಗೊಡಬಾರದೆಂಬುದೇ ಮೇಳದವರ ಹಟ.

ತಟ್ಟೆಯ ಮೇಲೆ ಮುಳ್ಳನ್ನಿಟ್ಟೊಡನೆ ಕೇಳಿಬರುವುದು ವಾದ್ಯವಲ್ಲ, ಹಾಡೂ ಅಲ್ಲ. ಒಬ್ಬ ಹೆಣ್ಣುಮಗಳು ಅರಬ್ಬೀ ಭಾಷೆಯಲ್ಲಿ ತನ್ನ ನಲ್ಲನನ್ನು ಕುರಿತು ಮೆಲ್ಲಗೆ ಪ್ರೀತಿಯ, ಶಾಂತಿಯ ನುಡಿಗಳನ್ನಾಡುತ್ತಾಳೆ. ಅನಂತರ ಸ್ತ್ರಾತೋಸನ ಗಂಭೀರ ಕಂಠ. ಕೇಳುಗನು ಮೈಮರೆತಿರುವಾಗಲೇ ಇಡೀ ಮೇಳ ಮೇಲೆರಗುತ್ತದೆ. ಫಾರಿಸೆಲ್ಲಿಯ ಪಿಯಾನೊ, ತೊಫಾನಿಯ ಗಿಟಾರ್ ಮತ್ತು ಸಿಂಥಸೈಜರ್, ಬುಸ್ನೆಲ್ಲೊನ ಸ್ಯಾಕ್ಸೊಫೋನ್, ಫ್ರಾನ್ಸಿನಲ್ಲಿ ಹುಟ್ಟಿದ ಜೀವಾಸನ ಬೇಸ್—ಎಲ್ಲವೂ ಬಾಲ್ಕನ್ ನಾಡುಗಳ ಜಾನಪದ ಧಾಟಿಯೊಂದನ್ನು ಹಿಡಿದು ಓಡುತ್ತವೆ. ಆ ನಾಡುಗಳ ಕುಣಿತಗಳಲ್ಲಿ ಏಳು, ಒಂಬತ್ತು, ಹನ್ನೊಂದರ ಎಣಿಕೆ ಸರ್ವೇಸಾಮಾನ್ಯ. ಮಿಶ್ರಛಾಪು ತಾಳಕ್ಕೆ ಪಳಗಿದ ನಮ್ಮ ಕಿವಿಗೆ ಅದು ತೀರ ಅಪರಿಚಿತವೇನಲ್ಲ. ಜಾಸ್ ಸಂಗೀತದ ಸ್ಫುರಣೆ, ರಾಕ್ ಸಂಗೀತದ ಅಬ್ಬರ, ಮೆಡಿಟರೇನಿಯನ್ ಕರಾವಳಿಯ ರಾಗಚ್ಛಾಯೆ, ಈ ಮೂರೂ ಇಲ್ಲಿ ಹೆಣೆದುಕೊಂಡಿವೆ. ಗೀತೆಯ ಹೆಸರಿನಲ್ಲಿರುವ ‘ಕರಾಳ ಸೆಪ್ಟೆಂಬರ್’ 1970ರಲ್ಲಿ ಜೋರ್ಡಾನಿನಲ್ಲಿ ಸೇನೆಗೂ ಪ್ಯಾಲೆಸ್ಟೈನಿನ ಹೋರಾಟಗಾರರಿಗೂ ನಡೆದ ರಕ್ತಪಾತವನ್ನು ನೆನಪಿಗೆ ತರುತ್ತದೆ.

ತಟ್ಟೆಯೊಡನೆ ರಟ್ಟಿನ ಪಿಸ್ತೂಲೊಂದನ್ನೂ ಇಟ್ಟಿದ್ದರು. 1969ರ ಡಿಸೆಂಬರ್ 12ರಂದು ಇದೇ ಮಿಲಾನಿನ ಬ್ಯಾಂಕೊಂದರಲ್ಲಿ ಬಾಂಬು ಸಿಡಿದು 17 ಮಂದಿ ಅಸುನೀಗಿದ್ದರು. ಇಟಲಿಯ ಬೀದಿಗಳಲ್ಲಿ ನಿಜವಾದ ಪಿಸ್ತೂಲುಗಳ ಸದ್ದೂ ಕೇಳಬರುತ್ತಿದ್ದ ಕಾಲ. ಅಂತಹ ದಿನಗಳಲ್ಲಿ ಈ ಆಟಿಕೆ ಎಚ್ಚರಿಕೆಯೋ, ಪ್ರಚೋದನೆಯೋ ಎಂದು ಕೇಳುವುದು ಸಹಜ. ರಟ್ಟು ಹಳತಾಯಿತು, ಕಂಠ ಹಳತಾಗಲಿಲ್ಲ. ಎರಡು ಮಗ್ಗುಲುಗಳ ಆರು ಕೃತಿಗಳಲ್ಲಿ ಕೊನೆಯದನ್ನು ಕೇಳಿದರೆ ಈ ಮಾತಿನ ಅರ್ಥವಾದೀತು. ಅಲ್ಲಿ ಸ್ತ್ರಾತೋಸನ ದನಿ ಪದದ ಹಂಗು ತೊರೆದು ಕೂಗಾಗುತ್ತದೆ, ನರಳಾಟವಾಗುತ್ತದೆ, ಸ್ಯಾಕ್ಸೊಫೋನಿಗೆ ಜೊತೆಗಾರನಾಗುತ್ತದೆ.

ಆ ದಾರಿಯಲ್ಲಿ ಆತನು ಮುಂದೆಮುಂದೆ ನಡೆದನು. ಏಷ್ಯದ ಹುಲ್ಲುಗಾವಲಿನ ಗಾಯಕರಂತೆ ಒಂದೇ ಉಸಿರಿನಲ್ಲಿ ಎರಡು ಮೂರು ಸ್ವರಗಳನ್ನು ಏಕಕಾಲಕ್ಕೆ ಹೊರಡಿಸುವುದನ್ನು ಸಾಧಿಸಿದನು. ಪಾದುವಾ ನಗರದ ಧ್ವನಿಶಾಸ್ತ್ರಜ್ಞ ಫ್ರಾಂಕೊ ಫೆರೇರೊ ಉಪಕರಣಗಳ ಮೂಲಕ ಈ ಕಂಠವನ್ನು ಪರೀಕ್ಷಿಸಿದನು. 1976ರ ‘ಮೆತ್ರೊದೋರಾ’, 1978ರ ‘ಕಂತಾರೆ ಲಾ ವೋಚೆ’ ಎಂಬ ತಟ್ಟೆಗಳು ಕೇವಲ ಕಂಠದ ಪ್ರಯೋಗಕ್ಕೇ ಮೀಸಲಾದವು. ಎರಡನೆಯದರ ಹೆಸರಿಗೆ ‘ದನಿಯನ್ನು ಹಾಡುವುದು’ ಎಂದರ್ಥ. ಹಾಡನ್ನಲ್ಲ, ದನಿಯನ್ನು!

ವಿಧಿ ಮಾತ್ರ ಬೇರೆಯೇ ಬರೆದಿತ್ತು. 1979ರಲ್ಲಿ ಆತನ ಮೂಳೆಯ ಮಜ್ಜೆ ರಕ್ತವನ್ನು ತಯಾರಿಸುವುದನ್ನೇ ನಿಲ್ಲಿಸುವ ರೋಗ ತಲೆದೋರಿತು. ಚಿಕಿತ್ಸೆಗಾಗಿ ನ್ಯೂಯಾರ್ಕಿಗೆ ಒಯ್ದರು. ವೆಚ್ಚ ಅಪಾರ. ಹಣ ಕೂಡಿಸಲೆಂದು ಇಟಲಿಯ ಸಂಗೀತಗಾರರು ಜೂನ್ 14ರಂದು ಮಿಲಾನಿನ ಕ್ರೀಡಾಂಗಣದಲ್ಲಿ ಕಚೇರಿಯನ್ನು ಗೊತ್ತುಮಾಡಿದರು. ಜೂನ್ 13ರಂದು ಸ್ತ್ರಾತೋಸ್ ಕಣ್ಮುಚ್ಚಿದನು. ಆಗ ಆತನಿಗೆ ವಯಸ್ಸು ಕೇವಲ 34.

ಕಚೇರಿ ನಿಲ್ಲಲಿಲ್ಲ. ಜೀವವುಳಿಸಲು ನೆರೆಯಬೇಕಾಗಿದ್ದ ಹತ್ತಾರು ಸಾವಿರ ಜನ ಬೀಳ್ಕೊಡಲು ನೆರೆದರು. ಆರೆಯಾ ಮೇಳವೂ ತನ್ನ ಗಾಯಕನಿಲ್ಲದೆ ವೇದಿಕೆಯೇರಿತು.

ಕಾಲಕ್ರಮದಲ್ಲಿ ಗಿಟಾರ್ ವಾದಕ ತೊಫಾನಿ ಕೃಷ್ಣಭಕ್ತನಾಗಿ ದೀಕ್ಷೆ ಪಡೆದು ಕೃಷ್ಣಪ್ರೇಮದಾಸನಾದನು. ಕಪಿಯೊಟ್ಸೊ 2000ದಲ್ಲಿ ತೀರಿಕೊಂಡನು. 1973ರ ಆ ಕಪ್ಪು ತಟ್ಟೆ ಇಂದಿಗೂ ಸಂಗ್ರಾಹಕರ ಮನೆಗಳಲ್ಲಿ ತಿರುಗುತ್ತಿದೆ. ಮುಳ್ಳು ಗೆರೆಯನ್ನು ಮುಟ್ಟುತ್ತದೆ. ಅರಬ್ಬೀ ಹೆಣ್ಣಿನ ಮೆಲುನುಡಿ ಮುಗಿಯುತ್ತದೆ. ಮೌನವನ್ನು ಸೀಳಿ ಆ ಕಂಠ ಏಳುತ್ತದೆ. ಮಾತು ಕಲಿಯುವ ಆತುರದಲ್ಲಿ ನಾವೆಲ್ಲ ತೊಟ್ಟಿಲಲ್ಲೇ ಬಿಟ್ಟುಬಂದ ಸಂಪತ್ತನ್ನು ಅದು ಒಂದು ಗಳಿಗೆ ನೆನಪಿಸಿ ಹೋಗುತ್ತದೆ.