ತವರಿಗೆ ಬಂದ ಹಕ್ಕಿಗಳು

ಎರಡು ವರ್ಷಗಳ ಹಿಂದೆ ಆಷಾಢದ ಒಂದು ದಿನ ಹಳ್ಳಿಯ ಶಾಲೆಯೊಂದರವರು ವನಮಹೋತ್ಸವಕ್ಕೆಂದು ನಮ್ಮನ್ನು ಬರಮಾಡಿಕೊಂಡಿದ್ದರು. ಸಸಿ ನೆಟ್ಟೆವು, ನೀರೆರೆದೆವು, ವೃಕ್ಷಗಳ ಮಹಿಮೆಯನ್ನು ಕುರಿತು ಅರ್ಧ ಗಂಟೆ ಮಾತನಾಡಿದೆವು. ಸಭೆ ಮುಗಿದ ಮೇಲೆ ಬಾಲಕನೊಬ್ಬನು ಹತ್ತಿರ ಬಂದು, "ಅಜ್ಜಾರ, ಹೋದ ವರ್ಷನೂ ಇದ ಗುಂಡ್ಯಾಗ ಗಿಡ ಹಚ್ಚಿದ್ವಿರಿ" ಎಂದನು. ಅವನ ಮಾತಿನಲ್ಲಿ ಕುಚೋದ್ಯವಿರಲಿಲ್ಲ, ಕಂಡದ್ದನ್ನು ಹೇಳಿದ್ದನಷ್ಟೆ. ನಾವು ನಿರುತ್ತರರಾದೆವು.

ವನಮಹೋತ್ಸವವು 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಶಿಯವರು ಆರಂಭಿಸಿದ ಆಚರಣೆ. 1991ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿತು. ಪಾಠವಂತೂ ಬಂದಿತು. ಮರಗಳ ಉಪಯೋಗಗಳನ್ನು ಮಕ್ಕಳು ಪರೀಕ್ಷೆಯಲ್ಲಿ ಒಂದೂ ಬಿಡದೆ ಬರೆಯುತ್ತಾರೆ. ಎಲೆ ಉದುರಿ ಅಂಗಳ ಕಸವಾಗುತ್ತದೆಂದು ಮನೆಯ ಮುಂದಿನ ಬೇವನ್ನು ತಂದೆಯೇ ಕಡಿಸುವುದನ್ನೂ ಅದೇ ಮಕ್ಕಳು ನೋಡುತ್ತಾರೆ. ಈ ಎರಡರಲ್ಲಿ ಯಾವುದು ಅವರ ಮನಸ್ಸಿನಲ್ಲಿ ನಿಲ್ಲುವುದೆಂಬುದನ್ನು ಸದ್ಭಕ್ತರಾದ ತಂದೆತಾಯಂದಿರೇ ಯೋಚಿಸಬೇಕು.

ಹಿರಿಯರ ನಡತೆಯೇ ಮಕ್ಕಳಿಗೆ ಪಾಠವಾದ ಒಂದು ಊರು ನಮ್ಮ ನಾಡಿನಲ್ಲಿಯೇ ಇದೆ. ಅದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹಕ್ಕಿಗಳಿರುವುದು ದೂರದ ಕಾಡಿನಲ್ಲಲ್ಲ, ಮನೆಗಳ ನಡುವಿನ ಹುಣಿಸೆ, ಆಲ, ಅರಳಿ ಮರಗಳ ಮೇಲೆ. ಚಳಿಗಾಲದ ನಡುವೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಬಂದು ಗೂಡು ಕಟ್ಟಿ, ಶಿಂಷಾ ನದಿಯಿಂದಲೂ ಸುತ್ತಲಿನ ಕೆರೆಗಳಿಂದಲೂ ಮೀನು ತಂದು ಮರಿಗಳನ್ನು ಸಾಕಿ, ಮಳೆಗಾಲ ಹತ್ತಿರವಾದಂತೆ ಹೊರಟುಹೋಗುತ್ತವೆ. ಊರಿನವರು ಇವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಹಿಂದೆ ಪ್ಲೇಗು ಬಂದು ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಜನರ ಬೆನ್ನಹಿಂದೆಯೇ ಹೊಸ ಊರಿಗೆ ಬಂದವೆಂದು ಅಲ್ಲಿನ ಹಿರಿಯರು ಹೇಳುವುದುಂಟು.

ತವರೆಂದ ಮೇಲೆ ಖರ್ಚು ಇದ್ದೇ ಇರುತ್ತದೆ. ನೂರಾರು ಹಕ್ಕಿಗಳು ಕುಳಿತ ಹುಣಿಸೆಯ ಮರದಿಂದ ಫಸಲು ಸರಿಯಾಗಿ ಕೈಗೆ ಬರುವುದಿಲ್ಲ. ಹಿಕ್ಕೆ, ಮೀನಿನ ವಾಸನೆ, ದಿನವಿಡೀ ಕಲರವ. ಮರದಡಿಯ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆಂಬುದು ನಿಜ; ಆದರೂ ಎಲ್ಲರ ಮನೆಯ ಲೆಕ್ಕವೂ ಅದರಿಂದ ಸರಿಹೋಗದು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಇಲ್ಲಿನ ಹೆಜ್ಜಾರ್ಲೆಗಳನ್ನು ಗುರುತಿಸಿ ಹೊರಜಗತ್ತಿಗೆ ತಿಳಿಸಿದರು. ಆ ಮೇಲೆ ಮರಗಳ ಒಡೆಯರಿಗೆ ಅರಣ್ಯ ಇಲಾಖೆಯಿಂದ ಒಂದಿಷ್ಟು ಹಣ ದೊರೆಯಲಾರಂಭಿಸಿತು. ಆದರೆ ಮರವನ್ನು ಉಳಿಸಿಕೊಂಡಿದ್ದು ಅದಕ್ಕೂ ಹಿಂದಿನಿಂದಲೇ. ಮಗುವು ಕಾಣುವುದು ಇದನ್ನು: ಅಪ್ಪನಿಗೆ ಹುಣಿಸೆಯ ದುಡ್ಡು ಕಡಿಮೆಯಾಯಿತು, ಆದರೂ ಕೊಡಲಿ ಮರದ ಹತ್ತಿರ ಹೋಗಲಿಲ್ಲ.

ಎತ್ತರದ ಗೂಡಿನಿಂದ ಮರಿಗಳು ಕೆಳಗೆ ಬೀಳುವುದು ಅಲ್ಲಿ ಸಾಮಾನ್ಯ. ನೆಲಕ್ಕೆ ಬಿದ್ದ ಮರಿಗೆ ತಾಯಿ ಉಣಿಸಲಾರದು. ಅದು ನಾಯಿಗಳ ಪಾಲಾಗುತ್ತದೆ. 1994ರಲ್ಲಿ ಮೈಸೂರಿನ ಪಕ್ಷಿಪ್ರೇಮಿಗಳ ನೆರವಿನಿಂದ ಊರಿನ ತರುಣರು 'ಹೆಜ್ಜಾರ್ಲೆ ಬಳಗ'ವನ್ನು ಕಟ್ಟಿಕೊಂಡರು. ಬಿದ್ದ ಮರಿಗಳನ್ನು ಬೇಲಿ ಹಾಕಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕಾಯಕ ಅವರದಾಯಿತು. 2007ರಲ್ಲಿ ಸರಕಾರವು ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಹಾಗೆಂದು ಅಲ್ಲಿ ಎಲ್ಲವೂ ಸುಖವಾಗಿದೆಯೆಂದು ಬರೆದರೆ ಅಸತ್ಯವಾದೀತು. ಹಳೆಯ ಮರಗಳು ಕಡಿಮೆಯಾಗಿವೆ, ಕೆರೆಗಳ ನೀರು ಮೊದಲಿನಂತಿಲ್ಲ. 2017ರ ಕೊನೆಯಿಂದ 2018ರ ಆರಂಭದವರೆಗೆ ಹಲವಾರು ಹೆಜ್ಜಾರ್ಲೆಗಳು ಹೊಟ್ಟೆಯ ಹುಳುವಿನ ಬಾಧೆಯಿಂದ ಸತ್ತವು. ಊರು ಎಷ್ಟೇ ಅಕ್ಕರೆ ತೋರಿದರೂ ಕೆರೆ ಕೆಟ್ಟರೆ ಹಕ್ಕಿ ಬದುಕದು. ಇದನ್ನೂ ಮಕ್ಕಳಿಂದ ಮುಚ್ಚಿಡಬಾರದೆಂಬುದು ನಮ್ಮ ಅಭಿಪ್ರಾಯ.

ನಾವು ಮಠದಲ್ಲಿ ಓದುತ್ತಿದ್ದಾಗ ಪ್ರತಿಯೊಬ್ಬ ವಟುವಿಗೂ ಒಂದೊಂದು ಗಿಡವನ್ನು ಒಪ್ಪಿಸುವ ರೂಢಿಯಿತ್ತು. ನಮ್ಮ ಪಾಲಿಗೆ ಬಂದದ್ದು ಬಿಲ್ವದ ಒಂದು ಸಸಿ. ಬಾವಿ ತಳ ಕಂಡ ಬೇಸಿಗೆಯಲ್ಲಿ ನಮ್ಮ ಸ್ನಾನದ ನೀರಿನಲ್ಲಿಯೇ ಒಂದು ತಂಬಿಗೆ ಉಳಿಸಿ ಅದಕ್ಕೆ ಹಾಕುತ್ತಿದ್ದೆವು. ಒಮ್ಮೆ ಊರಿಗೆ ಹೋಗಿ ಹಿಂತಿರುಗಿದಾಗ ಆಡು ಅದನ್ನು ಬುಡದವರೆಗೆ ಮೇದಿತ್ತು. ಬಹಳ ಅತ್ತೆವು. ಗುರುಗಳು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಹೋಗು, ಜಾಲಿಮುಳ್ಳು ತಂದು ಬೇಲಿ ಕಟ್ಟು" ಎಂದರು. ಮಳೆ ಬಿದ್ದ ಮೇಲೆ ಬುಡದಿಂದ ಹೊಸ ಚಿಗುರು ಬಂದಿತು. ಮಠದಲ್ಲಿ ಕಲಿತ ಎಷ್ಟೋ ಸೂತ್ರಗಳು ಇಂದು ನೆನಪಿನಿಂದ ಜಾರಿವೆ. ಆ ಚಿಗುರಿನ ಬಣ್ಣ ಜಾರಿಲ್ಲ.

ಆದುದರಿಂದ ತಾಯಂದಿರಲ್ಲಿ ನಮ್ಮ ವಿನಂತಿ ಬಹು ಚಿಕ್ಕದು. ಮಗುವಿಗೆ ಒಂದೇ ಗಿಡವನ್ನಾದರೂ, ಪಟ್ಟಣದ ಮನೆಯಾದರೆ ಕುಂಡದಲ್ಲಿನ ತುಂಬೆಯನ್ನಾದರೂ, ಅದರದೇ ಎಂದು ಒಪ್ಪಿಸಿರಿ. ಮಗು ಮರೆತ ದಿನ ನೀವು ಸದ್ದಿಲ್ಲದೆ ನೀರು ಹಾಕಿಬಿಡಬೇಡಿರಿ. ಬಾಡಿದ ಎಲೆಯನ್ನು ಅದೇ ನೋಡಲಿ.

ಮೊದಲು ಹೇಳಿದ ಶಾಲೆಯ ಗುರುಗಳೊಡನೆ ಈ ಮಾತನ್ನೆಲ್ಲ ಆಡಿದ್ದೆವು. ಮರುವರ್ಷ ಅವರು ಸಮಾರಂಭ ಮಾಡದೆ ನಾಲ್ಕೇ ಸಸಿ ನೆಡಿಸಿ, ಒಂದೊಂದಕ್ಕೂ ಶಾಲೆಯ ಹತ್ತಿರ ಮನೆಯಿರುವ ಇಬ್ಬರು ಮಕ್ಕಳನ್ನು ಗೊತ್ತುಮಾಡಿದರು. ಬೇಸಿಗೆಯ ರಜೆಯಲ್ಲಿ ಗೇಟಿನ ಕೀಲಿಕೈಯನ್ನು ಎದುರು ಮನೆಯ ತಾಯಿಯೊಬ್ಬರಿಗೆ ಕೊಟ್ಟರು. ಎರಡು ಉಳಿದವು, ಎರಡು ಹೋದವು. ಹೋದವುಗಳಲ್ಲಿ ಒಂದು ಆ ಬಾಲಕನದು. ಈ ಸಲ ಅದೇ ಗುಂಡಿಯಲ್ಲಿ ಅವನೇ ಒಂದು ಬೇವು ನೆಟ್ಟು, ಸುತ್ತಲೂ ಮುಳ್ಳಿನ ಬೇಲಿ ಕಟ್ಟಿದ್ದಾನೆಂದು ಗುರುಗಳು ಮೊನ್ನೆ ಫೋನಿನಲ್ಲಿ ತಿಳಿಸಿದರು.